ಕಾಯಂ ಮುನಿಸು

ನಮ್ಮೂರಲ್ಲಿ ಮುನಿಸಿಕೊಂಡವರನ್ನು ಯಾರೂ ಕದಲಿಸಲಾರರು. ಎತ್ತು ಕಟ್ಟಿ ಎಳೆದರೂ ಅಷ್ಟೆ, ನಾಲ್ಕು ಜನ ಸೇರಿ ನೂಕಿದರೂ ಅಷ್ಟೆ. ತಾವಾಗಿ ಬೇಕೆನಿಸಿದರೆ ಏಳುತ್ತಾರೆ, ಓಡಾಡುತ್ತಾರೆ, ಬಾವಿಗೆ ಹೋಗಿ ನೀರು ತರುತ್ತಾರೆ. ಇನ್ನೊಬ್ಬರ ಕೈಯಿಂದಾಗಲಿ ಮಾತಿನಿಂದಾಗಲಿ ಮಾತ್ರ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಉಳಿದ ಊರುಗಳಲ್ಲಿ ಹೀಗಿಲ್ಲವೆಂದು ನನಗೆ ಗೊತ್ತಾದದ್ದು ಸಂಜೆ ಕಾಲೇಜಿಗೆ ಸೇರಿದ ಮೇಲೆ. ಪರಊರಿನಿಂದ ಬಂದ ಮೇಷ್ಟರೊಬ್ಬರು ಭಾರದ ಪಾಠವನ್ನು ಪೂರ್ತಿ ಮುಗಿಸಿದರು, ಮುನಿಸಿನ ಮಾತನ್ನೇ ಎತ್ತಲಿಲ್ಲ. ಕೈ ಎತ್ತಿ ಕೇಳೋಣವೆಂದುಕೊಂಡೆ. ಎಲ್ಲರಿಗೂ ಗೊತ್ತಿರುವುದು ನನಗೊಬ್ಬನಿಗೇ ಗೊತ್ತಿಲ್ಲವೇನೋ ಎಂದು ಅಳುಕಿ ಸುಮ್ಮನಾದೆ.

ಇನ್ನು ನಮ್ಮೂರಿನ ಸೂರುಗಳು. ಬೆಕ್ಕು ಕೂಡ ಯೋಚಿಸಿ ಹತ್ತಬೇಕು, ಅಷ್ಟು ಕಡಿದು. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಹೆಂಚು ತೆಗೆದು, ಕಸ ಗುಡಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸಬೇಕು. ಮೇಲೆ ಹತ್ತುವವನು ನಡುವಿಗೆ ಹಗ್ಗ ಕಟ್ಟಿಕೊಳ್ಳುತ್ತಾನೆ. ಆ ಹಗ್ಗ ಸೂರಿನ ನೆತ್ತಿ ದಾಟಿ, ಆಚೆ ಬದಿಗೆ ಇಳಿದು, ಹಿತ್ತಿಲಿಗೆ ಬರುತ್ತದೆ. ಹಿತ್ತಿಲಲ್ಲಿ ಒಂದು ಚಪ್ಪಡಿ. ಅದನ್ನು ನಾವು ಮುನಿಸುಗಲ್ಲು ಎನ್ನುತ್ತೇವೆ. ಮನೆಯಲ್ಲಿ ಯಾರು ಮುನಿಸಿಕೊಂಡಿದ್ದಾರೋ ಅವರು ಅದರ ಮೇಲೆ ಕೂರುತ್ತಾರೆ, ಹಗ್ಗದ ಇನ್ನೊಂದು ತುದಿ ಅವರ ನಡುವಿಗೆ. ಈಚೆ ಬದಿಯಲ್ಲಿ ಮನುಷ್ಯ ಜಾರಿದರೆ ಆಚೆ ಬದಿಯ ಮುನಿಸು ಹಿಡಿಯುತ್ತದೆ.

ಆದ್ದರಿಂದ ನಮ್ಮಲ್ಲಿ ಮುನಿಸಿಗೆ ಮರ್ಯಾದೆ ಉಂಟು. ಹೆಣ್ಣು ನೋಡಲು ಬಂದವರು ಬಾವಿ ಇದೆಯೇ ಎಂದು ಕೇಳುತ್ತಾರೆ, ಆಮೇಲೆ ಮನೆಯಲ್ಲಿ ಮುನಿಸಿನವರು ಯಾರಿದ್ದಾರೆ ಎಂದು ಕೇಳುತ್ತಾರೆ. ಹೆಂಚಿನ ಕೆಲಸದ ದಿನ ಯಾರೂ ಯಾರನ್ನೂ ರಮಿಸುವಂತಿಲ್ಲ. ಅನ್ನ ಬೇಡವೆಂದು ಮೂಲೆ ಹಿಡಿದ ಮಗು ಕಂಡರೆ ತಾಯಂದಿರು ಅದರ ಸೊಂಟಕ್ಕೆ ಕರುವಿನ ಹಗ್ಗ ಕಟ್ಟಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಎರಡು ಮನೆಗಳಲ್ಲಿ ಎಲ್ಲರೂ ಸದಾ ನಗುನಗುತ್ತಾ ಇರುತ್ತಾರೆ. ಆ ಮನೆಗಳು ಸೋರುತ್ತವೆ.

ನಾನು ಸೂರು ಸುರಕ್ಷತಾ ಕಚೇರಿಯ ಪರೀಕ್ಷಕ. ಹೆಸರು ಗವಿಯಪ್ಪ. ಸೈಕಲ್ಲಿನ ಹಿಂದೆ ಚೈನ್ ಪುಲ್ಲಿ ಕಟ್ಟಿಕೊಂಡು ಹಿತ್ತಿಲಿಂದ ಹಿತ್ತಿಲಿಗೆ ಹೋಗುವುದು ನನ್ನ ಕೆಲಸ. ಮುನಿಸಿನವರನ್ನು ಕಲ್ಲಿನ ಮೇಲೆ ಕೂರಿಸಿ, ಅವರು ಕೂತ ಅಂಚಿಗೆ ಬಳಪದಿಂದ ಗೆರೆ ಎಳೆದು, ಪುಲ್ಲಿಯ ಮುಳ್ಳು ಕೆಂಪು ಗುರುತು ಮುಟ್ಟುವ ತನಕ ಎಳೆಯಬೇಕು. ಗೆರೆಯಿಂದ ಒಂದು ಬೆರಳು ಸರಿದರೂ ಅನುತ್ತೀರ್ಣ. ಎಳೆದ ಮೇಲೆ ಸರಿಯಾಗಿ ನೋಡಿದೆನೋ ಇಲ್ಲವೋ ಎಂಬ ಅನುಮಾನ ನನಗೆ ಯಾವಾಗಲೂ ಇದ್ದದ್ದೇ. ಅರ್ಧ ದಾರಿಯಿಂದ ಸೈಕಲ್ ತಿರುಗಿಸಿಕೊಂಡು ಹೋಗಿ ಮತ್ತೆ ಎಳೆದ ದಿನಗಳಿವೆ. ಅಂಥ ದಿನ ಮುನಿಸಿನವರಿಗೆ ನನ್ನ ಮೇಲೂ ಸ್ವಲ್ಪ ಮುನಿಸು ಬಂದು ಫಲಿತಾಂಶ ಇನ್ನೂ ಚೆನ್ನಾಗಿರುತ್ತಿತ್ತು.

ನಮ್ಮ ಮಾನದಂಡ ಮೊದಲು ಒಂದೇ ಸಾಲಿನದು. ಮುನಿಸು ಇರತಕ್ಕದ್ದು, ಅಷ್ಟೆ. ಆಮೇಲೊಬ್ಬ ಯಜಮಾನ ಬೆಳಗ್ಗೆ ಹೆಂಡತಿಯ ಜೊತೆ ಜಗಳ ತೆಗೆದು, ಆಕೆಯನ್ನು ಕಲ್ಲಿನ ಮೇಲೆ ಕೂರಿಸಿ, ಮಧ್ಯಾಹ್ನ ಮನಸ್ಸು ತಡೆಯದೆ ಎರಡು ಮೊಳ ಮಲ್ಲಿಗೆ ತಂದುಕೊಟ್ಟ. ಮೇಲಿದ್ದವನು ತಿಪ್ಪೆಯ ಮೇಲೆ ಬಿದ್ದದ್ದರಿಂದ ಬದುಕಿದ. ಅಲ್ಲಿಂದ ತಿದ್ದುಪಡಿಗಳು ಶುರುವಾದವು. ಮುನಿಸು ಕನಿಷ್ಠ ಒಂದು ದೀಪಾವಳಿ ದಾಟಿರಬೇಕು ಎಂದಾಯಿತು. ಪರೀಕ್ಷೆಯ ವೇಳೆ ಎದುರಾಳಿಯ ಮನೆಯ ಹೋಳಿಗೆಯನ್ನು ಮುಂದಿಟ್ಟು, ಕಣ್ಣು ಅತ್ತ ಹೊರಳುವುದೋ ಎಂದು ನೋಡಬೇಕು ಎಂದಾಯಿತು. ನಾಲ್ಕನೆಯ ತಿದ್ದುಪಡಿಯಲ್ಲಿ ತಾತ್ಕಾಲಿಕ ಮುನಿಸನ್ನು ಪೂರ್ತಿ ನಿಷೇಧಿಸಿದರು. ಇನ್ನು ಮೇಲೆ ಸೂರಿಗೆ ಕಾಯಂ ಮುನಿಸೇ ಬೇಕು. ಇದರಿಂದ ಊರಿನಲ್ಲಿ ಗಟ್ಟಿ ಮುನಿಸಿನ ಹಿರಿಯರಿಗೆ ಬೇಡಿಕೆ ಬಂತು. ಒಂದೊಂದು ಕೇರಿಗೆ ಒಬ್ಬರಂತೆ ನೇಮಕವಾದರು, ಮನೆಮನೆಯವರು ಅವರನ್ನು ಸರದಿಯಂತೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಟ್ಟು ಕೂರಿಸುತ್ತಿದ್ದರು.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹೊಸದಾಗಿ ಬಂದ ಎಂಜಿನಿಯರ್ ವರದರಾಜು ಸಾಹೇಬರು ಶ್ರದ್ಧೆಯ ಮನುಷ್ಯ. ಅವರು ಮೊದಲು ಪರಊರಿನ ಪದ್ಧತಿಯೊಂದನ್ನು ತರಲು ನೋಡಿದರು. ಅಲ್ಲಿ ಸೂರಿನ ನೆತ್ತಿಗೇ ಕಬ್ಬಿಣದ ಬಳೆ ಬಡಿದು ಹಗ್ಗವನ್ನು ಅದಕ್ಕೆ ಕಟ್ಟುತ್ತಾರಂತೆ. ಒಂದು ಗಾಡಿ ಬಳೆ ತರಿಸಿ, ಊರಿನವರ ಸಭೆ ಕರೆದು ತೋರಿಸಿದರು. ಜನ ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಕೊನೆಗೆ ಹೆಂಚಿನ ಕೆಲಸದಲ್ಲಿ ಊರಿಗೇ ಮೊದಲಿಗನಾದ ಉಗ್ರಪ್ಪ ಎದ್ದು ನಿಂತ. ಇವನು ನನ್ನ ಹೆಂಡತಿಯ ತಮ್ಮ.

"ಎಲ್ಲಾ ಸರಿ ಸಾರ್. ಕಬ್ಬಿಣಕ್ಕೆ ಯಾರ ಮೇಲೆ ಮುನಿಸು?" ಎಂದು ಕೇಳಿದ.

ಸಾಹೇಬರು ಗಾಡಿಯನ್ನು ಕಚೇರಿಗೆ ಹಿಂದಕ್ಕೆ ಹೊಡೆಸಿದರು. ಬಳೆಗಳು ಕಚೇರಿಯ ಅಂಗಳದಲ್ಲಿ ರಾಶಿ ಬಿದ್ದವು. ಆ ಬೇಜಾರಿನಲ್ಲಿ ಅವರು ಐದನೆಯ ತಿದ್ದುಪಡಿ ಬರೆದರು. ಕಾರಣ ಗೊತ್ತಿಲ್ಲದ ಮುನಿಸು ಬುಡ ಕಾಣದ ಮರದ ಹಾಗೆ, ಅದನ್ನು ನಂಬಿ ಹೇಗೆ ಹತ್ತುವುದು ಎನ್ನುವುದು ಅವರ ವಾದ. ಹಾಗಾಗಿ ಪರೀಕ್ಷಕನು ಮುನಿಸಿನ ಕಾರಣವನ್ನು ಅವರವರ ಬಾಯಿಂದಲೇ ಕೇಳಿ ತಿಳಿಯಬೇಕು. ಅದೂ ಹಗ್ಗದ ಆಚೆ ತುದಿಯಲ್ಲಿ ಮನುಷ್ಯನ ಭಾರ ಇರುವಾಗಲೇ ಕೇಳಬೇಕು, ಏಕೆಂದರೆ ಖಾಲಿ ಹಗ್ಗದ ಪರೀಕ್ಷೆ ಪರೀಕ್ಷೆಯಲ್ಲ. ಓದಿದಾಗ ನನಗೂ ಇದು ನ್ಯಾಯವೆಂದೇ ತೋರಿತು. ನನಗಿಂತ ಹೆಚ್ಚು ಓದಿದವರು ಬರೆದದ್ದರಲ್ಲಿ ತಪ್ಪು ಕಂಡರೆ ಕಣ್ಣು ಒರೆಸಿಕೊಂಡು ಮತ್ತೆ ಓದುವ ಜಾತಿ ನನ್ನದು.

ಮೊದಲು ಕೇಳಿದ್ದು ನಮ್ಮತ್ತೆಯನ್ನು. ಅವರ ಹೆಸರು ಪುಟ್ಟನಂಜಮ್ಮ, ನಮ್ಮ ಕೇರಿಗೆ ಅವರದೇ ಮುನಿಸು. ತೀರಿಹೋದ ನಮ್ಮ ಮಾವನ ಮೇಲೆ ಅವರಿಗಿದ್ದದ್ದು. ಕಾರಣ ಕೇಳಿದ್ದಕ್ಕೆ ಮೊದಲು ನಾಚಿಕೊಂಡರು. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲವಂತೆ. ಆಮೇಲೆ, ಮದುವೆಯಾದ ಹೊಸದರಲ್ಲಿ ಮಾವ ತಂದ ಬಳೆ ತನ್ನ ಕೈಗೆ ಹಿಡಿಸದೆ ಹೋದದ್ದು, ನಾದಿನಿಯ ಕೈಗೆ ಸರಿಯಾಗಿ ಕೂತದ್ದು, ಎಲ್ಲ ಹೇಳಿದರು. ನಾನು ಹೂಂಗುಟ್ಟುತ್ತಾ ಕೇಳಿದೆ. ಹೇಳಿ ಮುಗಿಸಿ, ಪಾಪ ಅವರಿಗೆ ಅಳತೆ ಎಲ್ಲಿ ಗೊತ್ತಿತ್ತು, ಕೇಳೋಕೆ ನಾಚಿಕೊಳ್ಳೋ ಗಂಡಸು ಎಂದು ಕಣ್ಣೊರೆಸಿಕೊಂಡರು. ಪುಲ್ಲಿ ಎಳೆದರೆ ಅತ್ತೆ ಕಲ್ಲಿನಿಂದ ಜಾರಿ ನನ್ನ ಮಡಿಲಿಗೇ ಬಂದು ಬಿದ್ದರು. ಪುಣ್ಯಕ್ಕೆ ಮೇಲಿದ್ದವನು ಏಣಿಯ ಹತ್ತಿರವೇ ಇದ್ದ. ಅನುತ್ತೀರ್ಣ ಎಂದು ಬರೆದೆ. ಅಂದಿನಿಂದ ಅತ್ತೆ ಹಗುರಾಗಿ, ಬೆಳಗಾದರೆ ಯಾರ್ಯಾರದೋ ಮನೆಗೆ ಹರಟೆಗೆ ಹೊರಟುಬಿಡುತ್ತಿದ್ದರು.

ಮುಂದಿನ ಕೇರಿಯಲ್ಲೂ ಹಾಗೆಯೇ ಆಯಿತು. ಅದರ ಮುಂದಿನ ಕೇರಿಯಲ್ಲೂ. ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು, ಹೇಳಿದ ಮೇಲೆ ಕದಲುತ್ತಿದ್ದರು. ನಾನು ಕೇಳುವ ರೀತಿಯಲ್ಲೇ ಏನೋ ದೋಷವಿದೆಯೆಂದು ಎಷ್ಟೋ ದಿನ ಕೊರಗಿದೆ. ಕಡೆಗೆ ಧೈರ್ಯ ಮಾಡಿ ಸಾಹೇಬರಿಗೆ ಹೇಳಿದೆ, ಕೇಳುವುದರಿಂದಲೇ ಮುನಿಸು ಹೋಗುತ್ತಿರುವಂತಿದೆ ಎಂದು. ಅವರು ಸಮಾಧಾನದಿಂದ, ಪರೀಕ್ಷೆಯಲ್ಲಿ ಹೋದದ್ದು ಇಂದಲ್ಲ ನಾಳೆ ತಾನಾಗಿಯೇ ಹೋಗುತ್ತಿತ್ತು, ನಾವು ಮೊದಲೇ ಕಂಡುಹಿಡಿದೆವು, ನೀವು ತುಂಬಾ ಮನಸ್ಸಿಟ್ಟು ಕೇಳುತ್ತೀರಿ, ಹಾಗೇ ಮುಂದುವರಿಸಿ ಎಂದರು. ಹೊಗಳಿಕೆ ಎಂದುಕೊಂಡು ಬಂದೆ.

ಆ ದಿನಗಳಲ್ಲಿ ನನಗೆ ಮನೆಯೊಂದೇ ನೆಮ್ಮದಿ. ನನ್ನ ಹೆಂಡತಿ ಜಯಶೀಲಳದು ಮಾತು ಕಡಿಮೆ. ತಟ್ಟೆ ಇಟ್ಟು ಒಳಗೆ ಹೋಗುವಳು, ಬೆಳಗ್ಗೆ ಬುತ್ತಿ ಕಟ್ಟಿ ಬಾಗಿಲ ಬಳಿ ಇಡುವಳು. ನಮ್ಮ ಮನೆಯಲ್ಲಿ ಮುನಿಸೇ ಇಲ್ಲ, ಅದಕ್ಕೇ ನಾನು ಪಕ್ಷಪಾತವಿಲ್ಲದೆ ಪರೀಕ್ಷೆ ಮಾಡಬಲ್ಲೆ ಎಂದು ಕಚೇರಿಯಲ್ಲಿ ಹೇಳಿಕೊಂಡದ್ದೂ ಉಂಟು. ಒಂದು ಸಂಜೆ ನನ್ನ ಬಳಪ ಮಂಚದ ಕೆಳಗೆ ಉರುಳಿಹೋಯಿತು. ಜಯಶೀಲ ಮಂಚದ ಮೇಲೆ ಕೂತು ಹುರುಳಿ ಆರಿಸುತ್ತಿದ್ದಳು. ಸ್ವಲ್ಪ ಏಳು ಎಂದೆ, ಕೇಳಿಸಲಿಲ್ಲವೇನೋ. ಮಂಚವನ್ನೇ ಸರಿಸೋಣವೆಂದು ಎಳೆದರೆ ಅದು ನೆಲಕ್ಕೆ ಬೇರು ಬಿಟ್ಟ ಹಾಗೆ ನಿಂತಿತ್ತು. ಕಾಲಿಗೆ ತುಕ್ಕು ಹಿಡಿದಿರಬೇಕೆಂದು ಎಣ್ಣೆ ತಂದು ನಾಲ್ಕೂ ಕಾಲಿಗೆ ಬಿಟ್ಟೆ. ಅವಳು ನೋಡುತ್ತಾ ಕೂತಿದ್ದಳು.

ಕೊನೆಗೆ ಉಳಿದದ್ದು ಊರ ಕಣಜ. ಊರಿನ ಕಾಳೆಲ್ಲ ಇರುವ ಕಟ್ಟಡ, ಅದರ ಸೂರು ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ಕಡಿದು. ಅದಕ್ಕೆ ಹೊನ್ನಾಜಮ್ಮನ ಮುನಿಸು. ತಮ್ಮ ಓರಗಿತ್ತಿ ದೇವೀರಮ್ಮನ ಜೊತೆ ಅವರು ಮಾತು ಬಿಟ್ಟದ್ದು ನಾನು ಹುಟ್ಟುವ ಮೊದಲು. ಒಂದು ಸಲ ಊರ ತೇಗದ ದಿಮ್ಮಿ ಎಳೆಯುವ ಆನೆಯನ್ನು ಅವರಿಗೆ ಕಟ್ಟಿ ನೋಡಿದ್ದರಂತೆ. ಆನೆ ಸುಸ್ತಾಗಿ ಪಕ್ಕದಲ್ಲೇ ಮಲಗಿತಂತೆ. ಹೊನ್ನಾಜಮ್ಮ ಹೋದರೆ ಊರಿನಲ್ಲಿ ಹಗ್ಗ ಕಟ್ಟಲು ಯಾರೂ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಮೇಲೆ ಉಗ್ರಪ್ಪ ಹೆಂಚು ತೆಗೆಯುತ್ತಿದ್ದ. ಅವನು ಇಳಿದ ಮೇಲೆ ಕೇಳುತ್ತೇನೆಂದು ನಾನು ಸಾಹೇಬರನ್ನು ಬೇಡಿಕೊಂಡಿದ್ದೆ. ಭಾರವಿಲ್ಲದೆ ಕೇಳಿದ್ದು ಲೆಕ್ಕಕ್ಕಿಲ್ಲ ಎಂದು ಅವರು ತಿದ್ದುಪಡಿಯ ಆ ಸಾಲನ್ನೇ ಬೆರಳಿಟ್ಟು ತೋರಿಸಿ, ಊಟ ಮುಗಿಸಿ ಬಂದು ತಾವೂ ನೋಡುವುದಾಗಿ ಹೇಳಿ ಹೋಗಿದ್ದರು.

ಕಣಜದ ಹಿತ್ತಿಲಲ್ಲಿ ಹೊನ್ನಾಜಮ್ಮ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದರು. ಬಳಪದ ಗೆರೆ ಎಳೆದೆ. ಎರಡನೆಯ ಸಲ ಎಳೆದೆ, ಮೊದಲನೆಯದು ಸೊಟ್ಟಗಿತ್ತು. ಇನ್ನು ಮುಂದೂಡಲು ಏನೂ ಉಳಿಯಲಿಲ್ಲ.

"ಅಮ್ಮ, ನಿಮ್ಮನ್ನ ಒಂದು ಮಾತು ಕೇಳ್ಬೇಕು. ಕಾನೂನು ಹಾಗಿದೆ."

"ಕೇಳಪ್ಪ. ಊರೋರ್ನೆಲ್ಲ ಕೇಳಿದೀಯಂತೆ, ನನ್ನ ಯಾವಾಗ ಕೇಳ್ತೀಯ ಅಂತ ನಾನೂ ಕಾಯ್ತಿದ್ದೆ."

ದೇವೀರಮ್ಮನ ಮೇಲೆ ಮುನಿಸು ಏಕೆಂದು ಕೇಳಿದೆ. ಹೊನ್ನಾಜಮ್ಮ ಎಲೆ ಅಡಿಕೆ ಪಕ್ಕಕ್ಕೆ ಉಗುಳಿ ಸರಿಯಾಗಿ ಕೂತರು. ಒಟ್ಟು ಕುಟುಂಬ, ದೊಡ್ಡ ಒಲೆ, ಹಬ್ಬದ ದಿನ. ಅವರು ಹಾಲಿಟ್ಟು ಹಿತ್ತಿಲಿಗೆ ಹೋಗಿದ್ದರು. ಬಂದು ನೋಡಿದರೆ ಹಾಲು ಉಕ್ಕಿ ಒಲೆ ತುಂಬಾ ಹರಿಯುತ್ತಿದೆ, ದೇವೀರಮ್ಮ ಒಲೆಯ ಮುಂದೆಯೇ ನಿಂತು ನೋಡುತ್ತಿದ್ದಾಳೆ, ಇಳಿಸಲಿಲ್ಲ. ಅತ್ತೆಯ ಬಾಯಿಂದ ಮಾತು ಕೇಳಬೇಕಾದದ್ದು ಹೊನ್ನಾಜಮ್ಮ. ನಾನು ಎಂದಿನಂತೆ ಮನಸ್ಸಿಟ್ಟು ಕೇಳುತ್ತಿದ್ದೆ. ದೇವೀರಮ್ಮ ಹೇಗೆ ನಿಂತಿದ್ದರು ಎಂದು ಕೂಡ ಕೇಳಿಬಿಟ್ಟೆ. ವಿವರ ಪೂರ್ತಿಯಾಗಲಿ ಎಂದು. ಹೀಗೆ ನಿಂತಿದ್ದಳು ಎಂದು ತೋರಿಸಲು ಹೊನ್ನಾಜಮ್ಮ ಎರಡೂ ಕೈಗಳನ್ನು ಮುಂದೆ ಚಾಚಿದರು. ಚಾಚಿದ ಕೈಗಳನ್ನು ತಾವೇ ಒಂದು ಗಳಿಗೆ ನೋಡಿದರು.

"ಅಯ್ಯೋ ಗವಿಯಪ್ಪ, ಅವಳ ಎರಡು ಕೈ ತುಂಬಾ ಹಿಟ್ಟಿತ್ತು ಕಣಪ್ಪ. ಮೊಣಕೈವರೆಗೂ ಹಿಟ್ಟು. ಅದೇನು ಮಾಡ್ತಾಳೆ ಪಾಪ, ಬಾಯಲ್ಲಿ ಇಳಿಸ್ತಾಳಾ?"

ಹೇಳಿ ನಗತೊಡಗಿದರು. ನಗುತ್ತಾ ನಗುತ್ತಾ ಕಲ್ಲಿನಿಂದ ಮೇಲೆದ್ದರು. ಎದ್ದು ನಿಂತದ್ದಲ್ಲ; ಕೂತ ಹಾಗೆಯೇ, ಬಾವಿಯಿಂದ ಕೊಡ ಬರುವ ಹಾಗೆ, ಹಗ್ಗದ ಜೊತೆ ಮೇಲಕ್ಕೆ ಹೋದರು. ಆಚೆ ಬದಿಯಿಂದ ಹೆಂಚು ಜಾರಿ ಒಡೆಯುವ ಸದ್ದು ಬಂತು. ಅದರ ಹಿಂದೆಯೇ ಉಗ್ರಪ್ಪನ ಧ್ವನಿ.

"ಭಾವ, ಹಗ್ಗ ಸಡ್ಲ ಬರ್ತಾ ಇದೆ. ನೀವೇನಾದ್ರೂ ಕೇಳಿದ್ರಾ?"

ಹೇಗಾದರೂ ಹೊನ್ನಾಜಮ್ಮನಿಗೆ ಮತ್ತೆ ಮುನಿಸು ತರಿಸಬೇಕು. ಹುಟ್ಟಿದಾಗಿನಿಂದ ಯಾರಿಗೂ ಒಂದು ಒರಟು ಮಾತು ಆಡಿದವನಲ್ಲ ನಾನು. ತೋಚಿದ್ದನ್ನು ಹೇಳಿದೆ. ಅಮ್ಮ, ನಿಮಗಿಂತ ನಿಮ್ಮ ಸೊಸೆಯ ಸಾರೇ ರುಚಿ ಎಂದು ಊರಲ್ಲಿ ಹೇಳುತ್ತಾರೆ ಎಂದೆ. ಹೊನ್ನಾಜಮ್ಮ ಸಂತೋಷದಿಂದ, ಹೌದಪ್ಪ, ನಾನೇ ಕಲಿಸಿದ್ದು ಎಂದು ಇನ್ನೊಂದು ಮೊಳ ಮೇಲೆ ಹೋದರು. ಅವರ ನಡುವಿನಿಂದ ಇಳಿಬಿದ್ದ ಹಗ್ಗದ ತುದಿಗೆ ನಾನು ಜೋತುಬಿದ್ದೆ. ನನ್ನ ಕಾಲೂ ನೆಲ ಬಿಟ್ಟಿತು. ನನಗೆ ಯಾರ ಮೇಲೂ ಮುನಿಸಿಲ್ಲ. ಇದ್ದರೆ ನನ್ನ ಮೇಲೆಯೇ, ಅದು ಹಗ್ಗ ಹಿಡಿಯುವುದಿಲ್ಲವೆಂದು ಆಗ ತಿಳಿಯಿತು.

ಆ ಹೊತ್ತಿಗೆ ಜಯಶೀಲ ಬುತ್ತಿ ಹಿಡಿದು ಹಿತ್ತಿಲಿಗೆ ಬಂದಳು. ಬೆಳಗ್ಗೆ ನಾನದನ್ನು ಬಾಗಿಲ ಬಳಿಯೇ ಮರೆತು ಬಂದಿದ್ದೆ. ಮೇಲೆ ನೋಡಿದಳು, ನನ್ನನ್ನು ನೋಡಿದಳು, ತಮ್ಮನ ಕೂಗು ಕೇಳಿದಳು. ಬುತ್ತಿಯನ್ನು ಜೋಪಾನವಾಗಿ ನೆಲಕ್ಕಿಟ್ಟು, ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿ, ಕಲ್ಲಿನ ಮೇಲೆ ಕೂತಳು.

ಎಲ್ಲ ನಿಂತಿತು. ಹಗ್ಗ ತಂತಿಯ ಹಾಗೆ ಬಿಗಿದು ಸಣ್ಣಗೆ ಮಿಡಿಯಿತು. ಹೊನ್ನಾಜಮ್ಮ ಮಾವಿನ ಕೊಂಬೆಯ ಎತ್ತರದಲ್ಲಿ ತೂಗುತ್ತಾ, ದೇವೀರಿಯನ್ನು ಯಾರಾದರೂ ಕರೆಯಿರಿ ಎಂದು ದಾರಿಹೋಕರಿಗೆ ಹೇಳುತ್ತಿದ್ದರು. ನಾನು ಕೈಬಿಟ್ಟು ಕೆಳಗೆ ಬಿದ್ದೆ. ನನ್ನ ಹೆಂಡತಿ, ಬೊಗಸೆಯಷ್ಟು ಮೈಯವಳು, ಅಲ್ಲಾಡದೆ ಕೂತಿದ್ದಳು. ನೋಡಿ ನೋಡಿ ಪಳಗಿದ ನನ್ನ ಕಣ್ಣಿಗೆ ಅದು ಎಷ್ಟು ಗಟ್ಟಿ ಎಂದು ತಿಳಿಯಿತು.

"ಶೀಲಾ, ನಿನಗೆ ಯಾರ ಮೇಲೆ?" ಎಂದೆ.

"ಊರೋರ್ನೆಲ್ಲ ಕೂರಿಸ್ಕೊಂಡು ಕೇಳಿದ್ರಿ, ಯಾಕಮ್ಮ ಮುನಿಸು, ಯಾಕಪ್ಪ ಮುನಿಸು ಅಂತ. ನಮ್ಮಮ್ಮನ್ನೂ ಕೇಳಿದ್ರಿ. ನನ್ನ ಒಂದಿನ ಕೇಳಿದ್ರೇನ್ರೀ?"

ಮಂಚ ನೆನಪಾಯಿತು. ಎಣ್ಣೆ ನೆನಪಾಯಿತು. ಆ ಪ್ರಶ್ನೆ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಬಾಯಿ ತೆರೆದೆ.

"ಭಾವ, ದಮ್ಮಯ್ಯ, ಕೇಳ್ಬೇಡಿ," ಎಂದು ಉಗ್ರಪ್ಪ ಸೂರಿನ ಆಚೆಯಿಂದ ಹೇಳಿದ. "ನಾನಿನ್ನೂ ಮೇಲಿದೀನಿ."

ಬಾಯಿ ಮುಚ್ಚಿದೆ. ಅವನು ಹೆಂಚಿನ ಮೇಲೆ ಕಾಲೂರಿ ಮೆಲ್ಲಗೆ ಏಣಿ ಸೇರಿ, ಹೊನ್ನಾಜಮ್ಮ ನೆಲಕ್ಕಿಳಿಯುವ ಹೊತ್ತಿಗೆ ವರದರಾಜು ಸಾಹೇಬರೂ ಬಂದರು. ಕಂಡದ್ದನ್ನು ನಂಬದೆ ತಾವೇ ಪುಲ್ಲಿ ಕಟ್ಟಿ ಎಳೆದರು. ಮುಳ್ಳು ಕೆಂಪು ಗುರುತು ದಾಟಿ, ಗುರುತುಗಳೇ ಇಲ್ಲದ ಜಾಗಕ್ಕೆ ಹೋಗಿ, ಅಲ್ಲೇ ಮುರಿಯಿತು. ಜಯಶೀಲ ಬಳಪದ ಗೆರೆ ಬಿಟ್ಟು ಅಲುಗಲಿಲ್ಲ. ಇಂಥ ಮುನಿಸನ್ನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ ಎಂದು ಸಾಹೇಬರು ನನ್ನ ಕೈ ಕುಲುಕಿ ಅಭಿನಂದಿಸಿದರು.

ಇನ್ನು ಕೇಳುವಂತೆಯೇ ಇರಲಿಲ್ಲ. ಕಣಜದ ಸೂರು ಅರ್ಧ ತೆರೆದಿದೆ, ಊರ ಮನೆಗಳೆಲ್ಲ ಬಾಕಿ ಇವೆ, ಪಡುವಣಕ್ಕೆ ಮೋಡ ಕಟ್ಟುತ್ತಿದೆ, ಊರಿಗೆಲ್ಲ ಇರುವುದು ಈಗ ಒಂದೇ ಮುನಿಸು. ಜಯಶೀಲ ಒಂದೊಂದು ದಿನ ಒಂದೊಂದು ಹಿತ್ತಿಲಲ್ಲಿ ಕೂತಳು. ಜನ ಅವಳಿಗೆ ಬೆಲ್ಲದ ಪಾನಕ ಕೊಟ್ಟರು, ಬಿಸಿಲಿಗೆ ಚಪ್ಪರ ಕಟ್ಟಿದರು. ನನ್ನನ್ನು ಕಂಡರೆ ಮಾತ್ರ ಎಲ್ಲರಿಗೂ ಹೆದರಿಕೆ. ನಾನು ಅವಳ ಕಡೆ ಹೊರಟರೆ ಯಾರಾದರೊಬ್ಬರು ಅಡ್ಡ ಬಂದು ಹವೆಯ ವಿಷಯ ತೆಗೆಯುತ್ತಿದ್ದರು. ಸಂಜೆ ಹಿರಿಯರು ನಾಲ್ವರು ಮನೆಗೆ ಬಂದು, ಪೇಟೆಯಿಂದ ಅವಳು ಹೇಳಿದ ಸೊಪ್ಪು ಮರೆತು ಬನ್ನಿ, ಅವಳ ತವರನ್ನು ಒಂದು ಮಾತು ಆಡಿ, ಊರಿನ ಹಿತದೃಷ್ಟಿಯಿಂದ ಎಂದು ನನಗೆ ಬುದ್ಧಿ ಹೇಳಿದರು. ನಾನು ಸೊಪ್ಪು ಮರೆಯಲು ಪ್ರಯತ್ನಿಸಿದೆ. ಬಾಗಿಲವರೆಗೆ ಬಂದು ಮನಸ್ಸು ಕೇಳದೆ ಹಿಂದಿರುಗಿ ಹೋಗಿ ತಂದೆ. ಅವಳು ಸೊಪ್ಪು ತೆಗೆದುಕೊಂಡು ಒಳಗೆ ಹೋದಳು. ಮಾರನೆಯ ದಿನದ ಬುತ್ತಿಯಲ್ಲಿ ನನಗಿಷ್ಟವಾದ ಹುರುಳಿ ಚಟ್ನಿ ಇತ್ತು. ಇದನ್ನು ಸಡಿಲವೆಂದು ವರದಿ ಮಾಡಬೇಕೋ ಬೇಡವೋ ಎಂದು ಊಟದ ಹೊತ್ತೆಲ್ಲ ಯೋಚಿಸಿದೆ.

ಊರಿನ ಸೂರುಗಳೆಲ್ಲ ಮುಗಿದು ಕಣಜದ ಕೊನೆಯ ಸಾಲು ಉಳಿಯಿತು. ಆದರೆ ಮುಂದಿನ ವರ್ಷ ಬರುತ್ತದಲ್ಲ, ಅದರ ಮುಂದಿನ ವರ್ಷವೂ. ಅವಳ ಹೆಸರಿನ ಮುಂದೆ ಕಾಯಂ ಎಂದು ಬರೆದವನು ನಾನೇ. ಈ ಪ್ರಶ್ನೆಯನ್ನು ನಾನು ಸಾಯುವವರೆಗೆ ನುಂಗಿಕೊಂಡಿರಬೇಕು, ಅವಳು ಅದಕ್ಕಾಗಿ ಕಾಯುತ್ತಲೇ ಇರಬೇಕು. ಬೆಳಗ್ಗೆ ಎದ್ದವನೇ ಕಚೇರಿಯ ಅಂಗಳಕ್ಕೆ ಹೋಗಿ, ಹುಲ್ಲು ಮುಚ್ಚಿದ ರಾಶಿಯಿಂದ ಒಂದು ಕಬ್ಬಿಣದ ಬಳೆ ಎಳೆದುಕೊಂಡು ಸಾಹೇಬರ ಮುಂದಿಟ್ಟೆ. ಇದನ್ನು ಕಣಜದ ನೆತ್ತಿಗೆ ಬಡಿಸಿ, ಪರೀಕ್ಷೆ ನಾನು ಮಾಡುತ್ತೇನೆ ಎಂದೆ. ಅವರು ಸಂದೇಹದಿಂದ, ಭಾರ ಯಾರದು ಎಂದು ಕೇಳಿದರು. ನನ್ನದೇ ಎಂದೆ.

ನಾನು ಏಣಿಯ ಮೂರನೆಯ ಮೆಟ್ಟಿಲಿಗೇ ತಲೆ ತಿರುಗುವವನು. ಆದ್ದರಿಂದಲೇ ಇಷ್ಟು ವರ್ಷ ಹಿತ್ತಿಲಲ್ಲೇ ನಿಂತು ಪರೀಕ್ಷೆ ಮಾಡಿದ್ದು. ಆ ದಿನ ಊರೆಲ್ಲ ಕಣಜದ ಮುಂದೆ ಸೇರಿತ್ತು. ಕಬ್ಬಿಣದ ಮೇಲೆ ನಂಬಿಕೆ ಇಟ್ಟು ಮೊದಲು ಸಾಯುವವನನ್ನು ನೋಡಲು ಬಂದಿದ್ದರು. ಉಗ್ರಪ್ಪ ಬಳೆ ಬಡಿದು ಹಗ್ಗ ಬಿಗಿದುಕೊಟ್ಟ. ಹಿತ್ತಿಲಲ್ಲಿ ಅಕ್ಕ ಕೂತಿದ್ದಾಳೆ, ಅವಳ ಹಗ್ಗವನ್ನೂ ಒಂದು ಸುತ್ತು ಹಾಕಿಕೊಳ್ಳಿ ಎಂದು ಪಿಸುಗುಟ್ಟಿದ. ಬೇಡವೆಂದೆ. ಹಾಗೆ ಹಾಕಿಕೊಂಡರೆ ಹಿಡಿದದ್ದು ಕಬ್ಬಿಣವೋ ಅವಳೋ ಎಂದು ಗೊತ್ತಾಗುವುದಿಲ್ಲ. ಆಮೇಲೆ ಕಣ್ಣು ಮುಚ್ಚಿ, ಕಡಿದಾದ ಸೂರಿನ ಮೇಲೆ ಕಾಲು ಬಿಟ್ಟೆ.

ಬಿದ್ದೆ ಎಂದುಕೊಂಡೆ. ಹಗ್ಗ ಸೊಂಟವನ್ನು ಕತ್ತರಿಸುವಂತೆ ಹಿಡಿಯಿತು. ಅಲ್ಲೇ ತೂಗಾಡಿದೆ. ಉಗ್ರಪ್ಪ ನೆತ್ತಿಯ ಮೇಲಿಂದ ಬಗ್ಗಿ ಬಳೆಯನ್ನು ತಟ್ಟಿ ನೋಡಿದ.

"ಹಿಡ್ಕೊಂಡಿದೆ ಭಾವ. ಆದ್ರೆ ಇದರ ಮುಖದಲ್ಲಿ ಒಂದಿಷ್ಟೂ ಕೋಪವೇ ಇಲ್ವಲ್ಲ."

ಇರದಿದ್ದರೇ ಒಳ್ಳೆಯದು ಎಂದೆ. ಊಟದ ಹೊತ್ತಿನ ತನಕ ಅಲ್ಲೇ ಜೋತಾಡಿದೆ, ಒಮ್ಮೆ ನಂಬಿಕೆ ಬಂದರೆ ಸಾಲದೆಂದು ಎರಡು ಸಲ ಮತ್ತೆ ಹತ್ತಿ ಜಾರಿದೆ. ನೋಡುವವರಿಗೆ ಮೊದಲು ಭಯವಾಯಿತು, ಆಮೇಲೆ ನಗು ಬಂತು, ಆಮೇಲೆ ಬೇಜಾರಾಗಿ ಮನೆಗೆ ಹೋದರು. ಬೇಜಾರಾದಾಗಲೇ ಸಾಹೇಬರಿಗೆ ಧೈರ್ಯ ಬಂದದ್ದು. ಜನಕ್ಕೆ ನೋಡಲು ಏನೂ ಉಳಿಯದಿದ್ದರೆ ಅದೇ ಸುರಕ್ಷತೆ ಎಂದು ಆರನೆಯ ತಿದ್ದುಪಡಿಯನ್ನು ಅಲ್ಲೇ ಬಾಯಲ್ಲಿ ಹೇಳಿದರು. ಉಗ್ರಪ್ಪ ಬಳೆಗೆ ಹಗ್ಗ ಕಟ್ಟಿಕೊಂಡು, ದೇವರ ಹೆಸರು ಹೇಳಿಕೊಂಡು, ಕೊನೆಯ ಸಾಲಿನ ಹೆಂಚು ಹೊದಿಸಿ ಇಳಿದ.

ನಾನು ನೇರ ಹಿತ್ತಿಲಿಗೆ ಹೋದೆ. ಜಯಶೀಲ ಇನ್ನೂ ಕಲ್ಲಿನ ಮೇಲೆ ಕೂತಿದ್ದಳು. ಅವಳ ನಡುವಿಗೆ ಈಗ ಹಗ್ಗವಿರಲಿಲ್ಲ. ಅವಳು ಕಲ್ಲಿನ ನಡುಮಧ್ಯೆ ಕೂತದ್ದರಿಂದ ಪಕ್ಕದಲ್ಲಿ ಅರ್ಧ ಮನುಷ್ಯನಿಗಷ್ಟೇ ಜಾಗ. ಆ ಅರ್ಧದಲ್ಲೇ ಕೂತೆ. ಭುಜಕ್ಕೆ ಭುಜ ತಾಗಿತು. ಗೋಡೆಗೆ ಒರಗಿದ ಹಾಗಿತ್ತು.

"ಶೀಲಾ, ಯಾಕೆ ಮುನಿಸು?"

ಅವಳು ಮೊದಲು ತಲೆ ಎತ್ತಿ ಸೂರು ನೋಡಿದಳು. ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು.

"ಮಂಚದ ಕಾಲಿಗೆ ಎಣ್ಣೆ ಬಿಡ್ತೀರಲ್ರೀ," ಎಂದಳು. "ಪರೀಕ್ಷಕ್ರು ನೀವು."

ಅಲ್ಲಿಂದ ಶುರುವಾಯಿತು. ಮದುವೆಯ ದಿನ ಬೀಗರು, ಅಡುಗೆಯವರು, ವಾಲಗದವರು ಎಲ್ಲರಿಗೂ ಊಟವಾಯಿತೇ ಎಂದು ಕೇಳಿ ಅವಳೊಬ್ಬಳನ್ನು ಕೇಳದೆ ಬಿಟ್ಟದ್ದು. ಅವಳಿಗೂ ಸಂಜೆ ಕಾಲೇಜಿಗೆ ಬರುವ ಆಸೆ ಇದ್ದದ್ದು, ನಾನು ಪುಸ್ತಕ ಹಿಡಿದು ಹೊರಡುವಾಗಲೆಲ್ಲ ಬಾಗಿಲಲ್ಲಿ ನಿಂತದ್ದು, ಬಾಗಿಲಲ್ಲಿ ಏಕೆ ನಿಂತೆ ಎಂದು ನಾನು ಕೇಳದೆ ಹೋದದ್ದು. ಹೂಂಗುಟ್ಟಲೂ ನನಗೆ ಧೈರ್ಯ ಸಾಲಲಿಲ್ಲ. ಸುಮ್ಮನೆ ಕೇಳಿದೆ. ಹೇಳುತ್ತಾ ಹೇಳುತ್ತಾ ಅವಳೇ ಬುತ್ತಿ ಬಿಚ್ಚಿ ನನ್ನ ಮುಂದಿಟ್ಟಳು. ನಾನು ತಿನ್ನುತ್ತಿದ್ದೆ, ಅವಳು ಹೇಳುತ್ತಿದ್ದಳು. ಆಚೆ ಹಿತ್ತಿಲಿನಲ್ಲಿ ಹೊನ್ನಾಜಮ್ಮನೂ ದೇವೀರಮ್ಮನೂ ಹಳೆಯ ಹಾಲಿನ ವಿಷಯಕ್ಕೆ ಮತ್ತೆ ಜೋರಾಗಿ ನಗುತ್ತಿದ್ದರು.

ನೀರು ಕುಡಿಯಲು ಬಗ್ಗಿದಾಗ, ಅವಳು ಕೂತ ಅಂಚಿಗೆ ಎಳೆದಿದ್ದ ಬಳಪದ ಗೆರೆ ಕಣ್ಣಿಗೆ ಬಿತ್ತು. ಅದು ಈಗ ನನ್ನ ತೊಡೆಯ ಕೆಳಗಿತ್ತು. ನಾನು ಕಲ್ಲಿನ ಮೇಲೆ ಪೂರ್ತಿ ಕೂತಿದ್ದೆ. ಕಾನೂನಿನ ಪ್ರಕಾರ ಒಂದು ಬೆರಳು ಸರಿದರೂ ಅನುತ್ತೀರ್ಣ. ಅವಳು ಒಬ್ಬ ಮನುಷ್ಯ ಕೂರುವಷ್ಟು ಸರಿದಿದ್ದಳು.